ಹೆಣ ನೋಡದವನ ಹೆಣದ ಹಾಡು

ಆ ಮನುಷ್ಯನಿಗೆ ತನ್ನ ತಾಯಿಯ ಸಾವನ್ನು ನೋಡುವ ಧೈರ್ಯ ಇರಲಿಲ್ಲ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಗದ್ದಲ.

ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ನಮ್ಮೂರು ಅಳವಂಡಿಯಲ್ಲಿ ನನ್ನ ಬಗ್ಗೆ ಬೇರೆಯೇ ಕತೆ ಓಡಾಡುತ್ತಿದೆ. ಮುದುಕಿ ಸ್ವೀಡನ್ನಿಗೆ ಹೋಗಿ ಬುರುಡೆಯ ಅಂಗಿ ತೊಟ್ಟ ಗಂಡಸರ ಜೊತೆ ಕುಣಿದಳಂತೆ, ದೆವ್ವದ ಹಾಡು ಕಲಿತು ಬಂದಿದ್ದಾಳಂತೆ. ಕೊಪ್ಪಳದ ಸಂತೆಯಲ್ಲಿ ಬೀಗರೊಬ್ಬರು ನನ್ನನ್ನು ತಡೆದು ನಿಲ್ಲಿಸಿ ಕೇಳಿದರು. ಕುಣಿದಿಲ್ಲ. ನನ್ನ ಮೊಣಕಾಲಿಗೆ ಬಸ್ಸಿನ ಮೆಟ್ಟಿಲು ಹತ್ತುವುದೇ ಆಗದು. ಗ್ರಾಮಫೋನಿನ ಒಂದು ಹಾಡಿನ ಪ್ಲೇಟು ಕೇಳಿದೆ, ಎರಡೂ ಬದಿ, ಪೂರ್ತಿ. ಚೆನ್ನಾಗಿತ್ತು. ಎರಡು ಮೂರು ತಪ್ಪು ಇದ್ದವು, ಹೇಳಿದೆ.

ಹೊರಟದ್ದು

ನನ್ನ ಮಗಳ ಮಗಳು ರೇಣುಕಾ ಸ್ವೀಡನ್ನಿನ ಒಂದು ಸಣ್ಣ ಊರಿನಲ್ಲಿ ನರ್ಸು. ವಯಸ್ಸಾದವರನ್ನು ಇಟ್ಟು ನೋಡಿಕೊಳ್ಳುವ ಮನೆಯಲ್ಲಿ ಕೆಲಸ. ಗಂಡ ಮಂಜುನಾಥ ಕುಷ್ಟಗಿಯವನು, ಅಲ್ಲಿ ಬಸ್ಸು ಓಡಿಸುತ್ತಾನೆ. ರೇಣುಕಾ ಹಡೆದಳು. ಬಾಣಂತನಕ್ಕೆ ಯಾರು ಹೋಗಬೇಕೆಂಬ ಮಾತು ಬಂತು. ನನ್ನ ಮಗಳು ಯಲಬುರ್ಗಾದಲ್ಲಿ ಅಂಗನವಾಡಿ ಟೀಚರು, ಅವಳಿಗೆ ಅಷ್ಟು ದಿನ ರಜೆ ಇಲ್ಲ. ನನಗೆ ರಜೆ ಕೊಡುವವರೂ ಇಲ್ಲ, ಇಲ್ಲವೆನ್ನುವವರೂ ಇಲ್ಲ. ಅದಕ್ಕೇ ನನ್ನನ್ನು ಆರಿಸಿದರು. ಹುಲಿಗೆಮ್ಮನಿಗೆ ಒಂದು ಕಾಯಿ ಒಡೆಸಿ ವಿಮಾನ ಹತ್ತಿದೆ.

ವಿಮಾನ ಇಳಿದಲ್ಲಿ ಒಂದು ನಾಯಿ ಬಂದು ನನ್ನ ಚೀಲದ ಮುಂದೆ ಕುಳಿತುಬಿಟ್ಟಿತು. ಪೊಲೀಸಮ್ಮ ಚೀಲ ಬಿಚ್ಚಿಸಿದಳು. ಅಂಟಿನುಂಡೆ, ಗುರೆಳ್ಳು ಚಟ್ನಿ, ಅರಿಶಿನ, ಕೂಸಿಗೆ ತೇಯ್ದು ನೆಕ್ಕಿಸಲು ಬಜೆಬೇರು. ಬೇರನ್ನು ಎತ್ತಿ ಹಿಡಿದು ಏನಿದು ಎಂದು ಕಣ್ಣಲ್ಲೇ ಕೇಳಿದಳು. ನಾನು ಕೂಸಿನ ಹಾಗೆ ಅತ್ತು, ಹೊಟ್ಟೆ ಹಿಡಿದು, ಬೇರು ತೇಯ್ದು, ನಾಲಿಗೆ ಚಾಚಿ ನೆಕ್ಕಿ, ಸುಮ್ಮನಾಗಿ ತೋರಿಸಿದೆ. ಹಿಂದೆ ನಿಂತ ಸಾಲೆಲ್ಲ ನೋಡಿತು. ಪೊಲೀಸಮ್ಮ ಚೀಲ ಮುಚ್ಚಿ ಕಳಿಸಿದಳು. ನಾಯಿ ಮಾತ್ರ ಚಟ್ನಿ ಬಿಟ್ಟು ಏಳಲು ಒಪ್ಪಲಿಲ್ಲ.

ಊರು ಮುಟ್ಟಿದ ದಿನ

ಮೇ ತಿಂಗಳು. ನಮ್ಮಲ್ಲಿ ಎಮ್ಮೆಗಳು ನೀರು ಬಿಟ್ಟು ಏಳದ ಬಿಸಿಲು. ಅಲ್ಲಿ ನಾನು ಎರಡು ಸ್ವೆಟರಿನ ಮೇಲೆ ಮಂಜುನಾಥನ ಡ್ರೈವರ್ ಕೋಟು ತೊಟ್ಟಿದ್ದೆ. ಅಂಥ ಚಳಿಯಲ್ಲಿ ಒಂದು ಕಾಫಿ ಅಂಗಡಿಯ ಹೊರಗೆ ಸಾಲಾಗಿ ನಾಲ್ಕು ತಳ್ಳುಗಾಡಿ, ಗಾಡಿಯೊಳಗೆ ನಾಲ್ಕು ಕೂಸು, ನಿದ್ದೆ. ತಾಯಂದಿರು ಒಳಗೆ ಗಾಜಿನ ಆಚೆ ಕಾಫಿ ಕುಡಿಯುತ್ತಿದ್ದರು. ಮರೆತಿದ್ದಾರೆ ಅಂದುಕೊಂಡು ನಾನು ಒಂದು ಗಾಡಿಯನ್ನು ಒಳಗೆ ತಳ್ಳಿಕೊಂಡು ಹೋದೆ. ಮಂಜುನಾಥ ಓಡಿ ಬಂದು ನಾಲ್ಕೂ ತಾಯಂದಿರ ಮುಂದೆ ಕೈಮುಗಿದ.

“ಇಲ್ಲಿ ಹಂಗ ಮಲಗಸ್ತಾರ್ರಿ ಅಮ್ಮಾ. ಥಂಡಿ ಗಾಳ್ಯಾಗ ಕೂಸು ಗಟ್ಟಿ ಆಗ್ತಾವಂತ.”

“ಹೊರಗಿಟ್ರ ಹಪ್ಪಳ ಗಟ್ಟಿ ಆಗ್ತಾವು. ಕೂಸಲ್ಲ.”

ಅವರ ಮನೆ ಇರುವುದು ಮೂರು ಮಹಡಿಯ ಕಟ್ಟಡದಲ್ಲಿ, ನಡುವಿನ ಮಹಡಿ. ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ, ಅದು ನನಗೆ ಸೇರಿತು. ಆದರೆ ಮನುಷ್ಯರು ಕಾಣುವುದಿಲ್ಲ. ರೇಣುಕಾ ಹೇಳಿದ್ದು ಕೇಳಿ ನಾನು ನಂಬಲಿಲ್ಲ: ಇಲ್ಲಿಯ ಜನ ಹೊರಗೆ ಹೋಗುವ ಮೊದಲು ಬಾಗಿಲಿನ ತೂತಿನಲ್ಲಿ ಇಣುಕುತ್ತಾರಂತೆ. ಮೆಟ್ಟಿಲ ಮೇಲೆ ಯಾರಾದರೂ ಇದ್ದರೆ ಅವರು ದಾಟುವವರೆಗೆ ಒಳಗೇ ನಿಲ್ಲುತ್ತಾರಂತೆ, ಮಾತಾಡಬೇಕಾಗುತ್ತದಲ್ಲ ಎಂದು. ನಮ್ಮ ಓಣಿಯಲ್ಲಿ ಹಾಗೆ ಕಾದರೆ ಮುಂದಿನ ಮಳೆಗಾಲಕ್ಕೆ ಹೊರಗೆ ಬರಬಹುದು.

ಕೂಸು ಹುಟ್ಟಿ ಹದಿನೈದು ದಿನವಾದರೂ ನೋಡಲು ಒಬ್ಬರೂ ಬಂದಿರಲಿಲ್ಲ. ಬಾಗಿಲ ಹಿಡಿಕೆಗೆ ಯಾರೋ ಒಂದು ಚೀಲ ಸಿಕ್ಕಿಸಿ ಹೋಗಿದ್ದರು, ಅದರಲ್ಲಿ ಕೂಸಿನ ಟೊಪ್ಪಿಗೆ. ಕಪ್ಪು ಬಣ್ಣದ್ದು. ಕೆಳಮನೆಯವರು ಕೊಟ್ಟಿದ್ದು ಎಂದಳು ರೇಣುಕಾ. ಕೂಸಿಗೆ ಕಪ್ಪು ಟೊಪ್ಪಿಗೆ ಕೊಡುವವನು ಎಂಥವನಿರಬೇಕು ಅಂದುಕೊಂಡೆ.

ಮೂರನೆಯ ದಿನ, ಕೆಳಮನೆ

ಅಳವಂಡಿಯ ನಮ್ಮ ಓಣಿಯಲ್ಲಿ ಹೆಂಗಸರು ಸತ್ತರೆ ಮೈತೊಳೆದು ನೀರು ಹಾಕುವವಳು ನಾನು. ಯಾರೂ ನೇಮಿಸಿದ್ದಲ್ಲ. ಒಮ್ಮೆ ಮಾಡಿದೆ, ಕೈ ನಡುಗಲಿಲ್ಲ, ಅಂದಿನಿಂದ ಕರೆಯುತ್ತಾರೆ. ಹಾಡ್ಯಾಡಿ ಅಳುವುದರಲ್ಲೂ ನನ್ನ ಹೆಸರಿದೆ. ಸತ್ತವರ ಗುಣ, ಅವರ ನಡಿಗೆ, ಅವರು ಮಾಡಿಟ್ಟು ಹೋದ ಕೆಲಸ, ಎಲ್ಲ ಹಾಡಿನಲ್ಲಿ ಕಟ್ಟಿ ಅಳಬೇಕು. ಸುಮ್ಮನೆ ಅಳಲು ಯಾರಿಗಾದರೂ ಬರುತ್ತದೆ.

ಮೂರನೆಯ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ನೆಲದ ಕೆಳಗಿನಿಂದ ಸಪ್ಪಳ ಬಂತು. ಮೊದಲು ಹಲಗೆ ಬಾರಿಸಿದ ಹಾಗೆ, ಆಮೇಲೆ ಗಂಡಸಿನ ದನಿ. ಗಂಟಲು ಬಿದ್ದು ಹೊಟ್ಟೆಯಿಂದ ಬರುವ ದನಿ. ಅಳುವವರ ಗಂಟಲು ಮೂರನೆಯ ತಾಸಿಗೆ ಹಾಗಾಗುತ್ತದೆ. ಕೆಳಗೆ ಯಾರೋ ತೀರಿಕೊಂಡಿದ್ದಾರೆ, ಪಾಪ, ಒಬ್ಬನೇ ಅಳುತ್ತಿದ್ದಾನೆ, ಇಣುಕಿ ನೋಡುವ ಈ ಜನ ಹೋಗುವುದಿಲ್ಲ ಅಂದುಕೊಂಡೆ. ನಮ್ಮಲ್ಲಿ ಮದುವೆಗಾದರೆ ಕರೆಯಲು ಬರಬೇಕು, ಸಾವಿಗೆ ಕಿವಿಗೆ ಬಿದ್ದ ತಕ್ಷಣ ಎದ್ದು ಹೋಗಬೇಕು. ಬಾಣಂತಿಯ ಮನೆಯಿಂದ ಹೋಗಬಾರದು ನಿಜ. ಬಂದು ತಲೆಯ ಮೇಲೆ ನೀರು ಹಾಕಿಕೊಂಡರಾಯಿತು. ರೇಣುಕಾ ಕೂಸಿನ ಜೊತೆ ಮಲಗಿದ್ದಳು. ಒಂದು ಪಾತ್ರೆ ಬಿಸಿನೀರು, ಅರಿಶಿನ, ಒಗೆದ ಹಳೆಯ ಸೀರೆಯ ತುಂಡು ಹಿಡಿದು ಇಳಿದೆ.

ಸತ್ತ ಮನೆಯ ಬಾಗಿಲು ಕಾಣುತ್ತಲೇ ದನಿ ತೆಗೆಯಬೇಕು. ಒಳಗೆ ಹೋಗಿ ತೆಗೆದರೆ ಮರ್ಯಾದೆಯಲ್ಲ. ಸತ್ತದ್ದು ಗಂಡೋ ಹೆಣ್ಣೋ ಗೊತ್ತಿರಲಿಲ್ಲ, ಎರಡಕ್ಕೂ ಹೊಂದುವ ಹಾಗೆ ಹಾಡಿದೆ.

“ಹಾಸೀದ ಹಾಸಿಗಿ ಹಾಸಿದಂಗ ಐತಲ್ಲೋ ನನ ಬಂಗಾರಾ, ಕೂಗಿದ್ರ ಓ ಅನ್ನೋ ದನಿ ಎಲ್ಲಿಟ್ಟು ಹೋದ್ಯೋ ನನ ಬಂಗಾರಾ.”

ಬಾಗಿಲು ತೆರೆಯಿತು. ಸೊಂಟದವರೆಗೆ ಬೆಳ್ಳಗಿನ ಕೂದಲು ಬಿಟ್ಟ ಉದ್ದನೆಯ ಗಂಡಸು. ಕಪ್ಪು ಅಂಗಿ, ಅಂಗಿಯ ಮೇಲೆ ಪಕ್ಕೆಲುಬಿನ ಚಿತ್ರ. ಒಳಗೆ ಹೋಗಿ ಆ ಸಪ್ಪಳ ನಿಲ್ಲಿಸಿ ಬಂದು ಹೊಸ್ತಿಲಲ್ಲಿ ನಿಂತು ನನ್ನ ಅಳುವನ್ನು ಕೊನೆಯವರೆಗೆ ಕೇಳಿದ. ಕೈಯಲ್ಲಿದ್ದ ಕಾಫಿ ಲೋಟ ವಾಲಿ ಕಾಲ ಮೇಲೆ ಚೆಲ್ಲುತ್ತಿತ್ತು, ಅವನಿಗೆ ತಿಳಿಯಲಿಲ್ಲ.

ರೇಣುಕಾ ಕೂಸನ್ನು ಎತ್ತಿಕೊಂಡು ಇಳಿದು ಬಂದಳು.

“ಯಮ್ಮಾ, ಏನ್ ಮಾಡಾಕತ್ತೀ ಇಲ್ಲಿ?”

“ಯಾರು ಸತ್ತಾರ ಕೇಳು. ನೀರು ಆರಾಕತ್ತೈತಿ.”

“ಯಾರೂ ಸತ್ತಿಲ್ಲ. ಅದು ಹಾಡು. ಡೆತ್ ಮೆಟಲ್ ಅಂತಾರ ಅದಕ್ಕ, ಸಾವಿನ ಮ್ಯಾಲೇ ಹಾಡೋದು. ಇವರು ಸಣ್ಣವರಿದ್ದಾಗ ಮಾಡಿದ ಪ್ಲೇಟು ಅದು. ಭಾಳ ಹೆಸರಾತು. ಈಗೂ ದೂರದೂರಿಂದ ಮಂದಿ ಹುಡುಕ್ಕೊಂಡು ಬರ್ತಾರ.”

“ಯಾರೂ ಸಾಯದ ಯಾಕ ಅಳ್ತಾನ?”

ಅವಳು ಅವರ ಭಾಷೆಯಲ್ಲಿ ಅದನ್ನು ಹೇಳಿದಳು. ಅವನು ಗೋಡೆ ಹಿಡಿದುಕೊಂಡು ನಕ್ಕ. ಆಮೇಲೆ ಏನೋ ಕೇಳಿದ.

“ಇನ್ನೊಮ್ಮೆ ಅಳ್ತೀಯೇನಂತ ಕೇಳಾಕತ್ತಾರ. ನಿನ್ನ ದನಿ ಛಲೋ ಐತಂತ.”

“ಹೆಣ ತೋರ್ಸು ಅನ್ನು, ಅಳ್ತೀನಿ.”

ಅದನ್ನು ಹೇಳಿದ್ದೇ ತಡ ಅವನ ನಗು ಇಳಿದುಹೋಯಿತು. ತಲೆ ಬಗ್ಗಿಸಿ ಬಾಗಿಲು ಹಾಕಿಕೊಂಡ.

ಮೆಟ್ಟಿಲು ಹತ್ತುವಾಗ ರೇಣುಕಾ ವಿಷಯ ಹೇಳಿದಳು. ಅವನ ಹೆಸರು ಹೋಕನ್. ಅವನ ತಾಯಿ ಇರುವುದು ರೇಣುಕಾ ಕೆಲಸ ಮಾಡುವ ಮನೆಯಲ್ಲೇ. ಈ ಮನೆ ಖಾಲಿ ಇದೆಯೆಂದು ಹೇಳಿ ಕೊಡಿಸಿದ್ದೂ ಆ ತಾಯಿಯೇ. ಮುದುಕಿಗೆ ಇನ್ನು ಹೆಚ್ಚು ದಿನ ಇಲ್ಲ. ಎಚ್ಚರಾದಾಗಲೆಲ್ಲ ಮಗನನ್ನು ಕೇಳುತ್ತಾಳೆ. ಮಗ ವಾರಕ್ಕೊಮ್ಮೆ ಹೂವು ಹಿಡಿದು ಆ ಮನೆಯ ಬಾಗಿಲವರೆಗೆ ಹೋಗುತ್ತಾನೆ, ಹೂವು ಒಳಗೆ ಕಳಿಸುತ್ತಾನೆ, ತಿರುಗಿ ಬರುತ್ತಾನೆ. ಎರಡು ತಿಂಗಳಾಯಿತು.

“ಹಾದಿ ಎಷ್ಟು?”

“ಕಾರಿನಾಗ ಐದು ನಿಮಿಷ.”

ಭಾನುವಾರ, ಪ್ಲೇಟಿನ ಎರಡೂ ಬದಿ

ಭಾನುವಾರ ಹೋಕಣ್ಣ ನಮ್ಮನ್ನು ಕಾಫಿಗೆ ಕರೆದ. ಹೋಕನ್ ಎಂದು ಮೊಟಕಾಗಿ ಕರೆಯಲು ನನಗೆ ಬಾಯಿ ಬರಲಿಲ್ಲ, ಹೋಕಣ್ಣ ಎಂದೆ. ಅವನು ಒಪ್ಪಿಕೊಂಡ. ಕೂಸನ್ನು ಮಂಜುನಾಥನ ಕೈಗೆ ಕೊಟ್ಟು ನಾನೂ ರೇಣುಕಾಳೂ ಹೋದೆವು. ಒಳಗೆ ಇನ್ನೊಬ್ಬ ಕುಳಿತಿದ್ದ, ಬೋಳುತಲೆ. ಅವತ್ತು ಇಬ್ಬರದೂ ಬುರುಡೆಯ ಅಂಗಿ. ಆ ಪ್ಲೇಟಿನಲ್ಲಿ ಹಲಗೆ ಬಾರಿಸಿದವನು ಅವನೇ. ಈಗ ಹಲ್ಲಿನ ಡಾಕ್ಟರು.

ನಾನು ಪ್ಲೇಟು ಪೂರ್ತಿ ಕೇಳಬೇಕೆಂದೆ. ಅರ್ಧಮರ್ಧ ಕೇಳಿ ಮಾತಾಡುವವಳು ನಾನಲ್ಲ. ಹೊದಿಕೆಯ ಮೇಲೆ ಹೊಂಡದಿಂದ ಏಳುತ್ತಿರುವ ಎಲುಬಿನ ಗೂಡುಗಳು. ಬರೆದವನಿಗೆ ಎಲುಬು ಗೊತ್ತಿಲ್ಲ, ಪಕ್ಕೆ ಹೆಚ್ಚಾಗಿವೆ. ಪ್ಲೇಟಿನ ಹೆಸರನ್ನು ರೇಣುಕಾ ಕನ್ನಡಕ್ಕೆ ಮಾಡಿದಳು: ಮಣ್ಣೊಳಗಿನ ಹಾಸಿಗೆ. ಹೆಸರಿನಲ್ಲಿ ತಪ್ಪಿಲ್ಲ.

ಮೊದಲ ಹಾಡು ಶುರುವಾಗುವುದು ಉಸಿರಿನಿಂದ. ಕಫ ಕಟ್ಟಿದ ಗಂಟಲಿನ ಉಸಿರು, ಗೊರ್ ಗೊರ್ ಎಂದು ನಾಲ್ಕು ಸಲ. ಆಮೇಲೆ ಬಾರಿಸುವವರೆಲ್ಲ ಒಮ್ಮೆಲೇ ಮೇಲೆ ಬಿದ್ದರು. ಗಿಟಾರುಗಳು ಕುಷ್ಟಗಿ ಕಡೆ ಕಲ್ಲು ಕೊಯ್ಯುವ ಯಂತ್ರದ ಹಾಗೆ. ರೇಣುಕಾ ಕಿವಿ ಮುಚ್ಚಿಕೊಂಡಳು. ನಾನು ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಆರು ವರ್ಷ ಕೂಲಿ ಮಾಡಿದವಳು, ಗದ್ದಲ ನನಗೆ ಹೊಸದಲ್ಲ. ಗಿರಣಿ ಓಡುತ್ತಿರುವಾಗ ಯಾವ ಬೆಲ್ಟು ಸಡಿಲಾಗಿದೆ ಎಂದು ಕುಳಿತಲ್ಲಿಂದಲೇ ಹೇಳುತ್ತಿದ್ದೆ. ಕಿವಿ ಗದ್ದಲದ ಜೊತೆ ಜಗಳ ಆಡಬಾರದು, ಅದರೊಳಗೆ ಒಂದು ಸಪ್ಪಳ ಹಿಡಿದುಕೊಂಡು ಕೂರಬೇಕು. ಆಗ ಉಳಿದವೆಲ್ಲ ಒಂದೊಂದಾಗಿ ಬೇರೆಯಾಗುತ್ತವೆ. ನಾನು ಹಲಗೆ ಹಿಡಿದೆ. ಎರಡನೆಯ ಹಾಡಿಗೆ ಗಿಟಾರು ಎರಡಿವೆ, ಒಂದು ಅಳುತ್ತದೆ ಒಂದು ಗದರಿಸುತ್ತದೆ ಎಂದು ತಿಳಿಯಿತು. ಮೂರನೆಯದರಲ್ಲಿ ಎಲ್ಲರೂ ತಟ್ಟನೆ ನಿಧಾನವಾಗುತ್ತಾರೆ. ಹೆಣ ಹೊತ್ತವರು ಓಣಿಯ ತಿರುವಿನಲ್ಲಿ ಹೆಗಲು ಬದಲಿಸುವಾಗ ಹಲಗೆಯವರು ಹಾಗೆಯೇ ನಿಧಾನ ಮಾಡುತ್ತಾರೆ. ನಾನು ಕೈ ಎತ್ತಿ ‘ಹಾಂ’ ಎಂದೆ. ಹಲ್ಲಿನ ಡಾಕ್ಟರು ಎದ್ದು ನಿಂತುಬಿಟ್ಟ. ಈ ತಿರುವನ್ನು ಇಷ್ಟು ವರ್ಷದಲ್ಲಿ ಅವನ ಹೆಂಡತಿಯೂ ಗುರುತಿಸಿಲ್ಲವಂತೆ.

ಒಂದು ಬದಿ ಮುಗಿಯಿತು. ಹಾಸಿಗೆ ಹಿಡಿದವರನ್ನು ಹೊರಳಿಸುವ ಹಾಗೆ ಹೋಕಣ್ಣ ಎರಡೂ ಅಂಗೈಯಲ್ಲಿ ಪ್ಲೇಟನ್ನು ಮೆಲ್ಲಗೆ ಹೊರಳಿಸಿದ. ಎರಡನೆಯ ಬದಿ ಮೊದಲನೆಯದಕ್ಕಿಂತ ಗಟ್ಟಿ. ಕೊನೆಯ ಹಾಡು ಉದ್ದವಾಯಿತು. ಮಂಜುನಾಥ ಕೂಸಿಗೆ ಹಾಲು ಬೇಕೆಂದು ಕರೆಯಲು ಬಂದವನು, ಎರಡು ಬುರುಡೆ ಅಂಗಿಗಳ ನಡುವೆ ಕುಳಿತ ನನ್ನ ಫೋಟೋ ತೆಗೆದು ಮನೆಮಂದಿಯ ಗುಂಪಿಗೆ ಹಾಕಿದ. ಅಳವಂಡಿಯ ಕತೆಗೆಲ್ಲ ಬೀಜ ಅದೇ.

“ಹೆಂಗನಿಸ್ತು ಅಂತ ಕೇಳಾಕತ್ತಾರ” ಎಂದಳು ರೇಣುಕಾ.

“ಛಲೋ ಐತಿ. ಅಳಾಕ ಬರ್ತೈತಿ ಇವಂಗ. ಆದ್ರ ಇಷ್ಟೆಲ್ಲಾ ಹೆಣ ಯಾರ್ಯಾರವು ಕೇಳು.”

“ಯಾರವೂ ಅಲ್ಲಂತ. ಹತ್ತೊಂಬತ್ತು ವರ್ಷದಾವ್ರಿದ್ದಾಗ ಬರದದ್ದು, ಪುಸ್ತಕ ಓದಿ, ಸಿನಿಮಾ ನೋಡಿ.”

“ಹೆಣ ನೋಡ್ಯಾನೋ ಇಲ್ಲೋ?”

ಅವನು ಲೋಟದೊಳಗೆ ನೋಡುತ್ತಾ ಒಂದು ಮಾತು ಹೇಳಿದ.

“ಇಲ್ಲಂತ.”

“ಅವರಪ್ಪಂದು?”

“ಆಗ ಊರಾಗ ಇರಲಿಲ್ಲಂತ. ಹಾಡಾಕ ಹೋಗಿದ್ರಂತ.”

“ಹೆಣದ ಮ್ಯಾಲಿನ ಹಾಡು?”

“ಹೂಂ.”

ಹಲ್ಲಿನ ಡಾಕ್ಟರು ನಗು ತಡೆಯಲಾರದೆ ಕೆಮ್ಮಿದ. ನಾನು ನಗಲಿಲ್ಲ. ಹೊದಿಕೆಯ ಹಿಂದೆ ಅಚ್ಚಾಗಿದ್ದ ಹಾಡುಗಳನ್ನು ರೇಣುಕಾಳಿಂದ ಓದಿಸಿ ಕೇಳಿ ತಪ್ಪುಗಳನ್ನು ಹೇಳಿದೆ. ಸತ್ತವರು ಕಣ್ಣು ಬಿಟ್ಟುಕೊಂಡು ನೋಡುತ್ತಿರುತ್ತಾರೆ ಎಂದು ಹಾಡಿದ್ದಾನೆ. ಬೇಗ ಮುಚ್ಚಿ ಸ್ವಲ್ಪ ಹೊತ್ತು ಬೆರಳು ಇಟ್ಟರೆ ಮುಚ್ಚಿಕೊಳ್ಳುತ್ತವೆ. ಬಾಯಿ ಮಾತ್ರ ತೆರೆಯುತ್ತದೆ, ಗದ್ದ ಕಟ್ಟಬೇಕು, ಅದು ಹಾಡಿನಲ್ಲಿ ಇಲ್ಲ. ವಾಸನೆ ಮೊದಲ ಸಾಲಿಗೇ ಬಂದಿದೆ, ಈ ಚಳಿಯಲ್ಲಿ ಅಷ್ಟು ಬೇಗ ಬರುವುದಿಲ್ಲ. ಮುಖ್ಯವಾದದ್ದು ಬಿಟ್ಟೇ ಹೋಗಿದೆ: ತಣ್ಣಗಿರುವುದು. ಕೈಗೆ ಮೊದಲು ತಿಳಿಯುವುದೇ ಅದು.

ಹೋಕಣ್ಣ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದವನು ಅಲ್ಲಿಗೆ ನಿಲ್ಲಿಸಿದ.

“ನಾಳೆ ನಿಮ್ಮವ್ವನ ಹತ್ರ ಹೋಗೂಣು” ಎಂದೆ.

ಅವನು ತಲೆ ಅಲ್ಲಾಡಿಸಿ ಸಣ್ಣ ದನಿಯಲ್ಲಿ ಏನೋ ಹೇಳಿದ. ನಲವತ್ತು ನಿಮಿಷ ಕಟ್ಟಡ ನಡುಗಿಸಿದ ದನಿ ಅದೇ ಎಂದು ಯಾರೂ ನಂಬುತ್ತಿರಲಿಲ್ಲ.

“ಒಳಗ ಕಾಲಿಟ್ರ ಅವತ್ತ ಸಾಯ್ತಾಳ ಅಂತ ಹೆದರಿಕಿ ಅಂತ, ಯಮ್ಮಾ.”

“ಕಾಲಿಡದಿದ್ರೂ ಸಾಯ್ತಾಳ. ಹೋದ್ರ ಮಗನ್ನ ನೋಡಿ ಸಾಯ್ತಾಳ, ಇಲ್ಲಂದ್ರ ಬಾಗಲಾ ನೋಡಿ ಸಾಯ್ತಾಳ. ಹೇಳು.”

“ಹಂಗ ಹೇಳಾಕ ಇವರ ಭಾಷಾದಾಗ ಬರಂಗಿಲ್ಲ.”

“ಭಾಷಾಕ್ಕ ಬರ್ತೈತಿ. ನಿನಗ ಬರವಲ್ದು.”

ಕೊನೆಗೆ ಹೇಳಿದಳು. ಹೋಕಣ್ಣ ಎದ್ದು ಪ್ಲೇಟನ್ನು ಹೊದಿಕೆಯೊಳಗೆ ಸೇರಿಸಿ ಬಾಗಿಲು ತೆರೆದು ನಿಂತ. ನಾವು ಹೊರಗೆ ಬಂದೆವು. ಇನ್ನು ಅವನ ಮುಖ ಕಾಣುವುದಿಲ್ಲ ಎಂದು ರೇಣುಕಾ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಬಾಣಂತಿ ಮಾತಾಡದಿದ್ದರೆ ಒಳ್ಳೆಯದೇ, ಗಾಳಿ ಹೊಟ್ಟೆಗೆ ಹೋಗುವುದಿಲ್ಲ.

ಗುರುವಾರ, ಮೆಟ್ಟಿಲ ಮೇಲೆ

ಗುರುವಾರ ಮಧ್ಯಾಹ್ನ ರೇಣುಕಾಳಿಗೆ ಕೆಲಸದ ಮನೆಯಿಂದ ಫೋನು. ಮುದುಕಿಯ ಉಸಿರು ಬದಲಾಗಿದೆ, ಮಗ ಫೋನು ಎತ್ತುತ್ತಿಲ್ಲ, ನೀನು ಮೇಲುಮನೆಯವಳಲ್ಲವೇ, ಬಾಗಿಲು ತಟ್ಟಿ ಹೇಳು ಎಂದು. ಇಬ್ಬರೂ ಇಳಿದೆವು. ಒಳಗೆ ಪ್ಲೇಟು ಜೋರಾಗಿ ಓಡುತ್ತಿತ್ತು. ರೇಣುಕಾ ಗಂಟೆ ಒತ್ತಿದಳು, ತಟ್ಟಿದಳು, ಹೆಸರು ಹಿಡಿದು ಕರೆದಳು. ಸಪ್ಪಳ ಇನ್ನೂ ಜೋರಾಯಿತು. ಅಂದರೆ ಕೇಳಿಸಿದೆ.

“ಒತ್ತಾಯ ಮಾಡಾಕ ಬರಂಗಿಲ್ಲಮ್ಮಾ ಇಲ್ಲಿ. ಅವರಿಷ್ಟ” ಎಂದಳು.

ನಾನು ಮೆಟ್ಟಿಲ ಮೇಲೆ ಕುಳಿತೆ. ಸೆರಗು ತಲೆಗೆ ಎಳೆದುಕೊಂಡು ದನಿ ತೆಗೆದೆ. ಈ ಸಲ ಹೆಸರು ಗೊತ್ತಿತ್ತು.

“ಹ್ವಾದ್ಯೇನೋ ನನ ಹೋಕಣ್ಣಾ, ಮಾರುದ್ದ ಕೂದಲದಾವ್ನ, ಐದು ನಿಮಿಷದ ಹಾದಿ ನಿನಗ ಐದೂರು ದೂರಾತೇನೋ. ಹೆತ್ತಾಕಿ ಬಾಗಲಾ ನೋಡ್ತಾಳೋ ಹೋಕಣ್ಣಾ, ಹುಟ್ಟಿದಾಂವ ಬಾಗಲಾ ಹಾಕ್ಯಾನೋ ಹೋಕಣ್ಣಾ.”

ಕಲ್ಲಿನ ಮೆಟ್ಟಿಲು, ಮೇಲೆ ಗಾಜಿನ ಚಾವಣಿ. ಅಂಥ ಜಾಗದಲ್ಲಿ ಅಳಲು ಪುಣ್ಯ ಬೇಕು. ದನಿ ಮೂರು ಮಹಡಿ ಹತ್ತಿ ತಿರುಗಿ ಬರುತ್ತಿತ್ತು. ಹೋಕಣ್ಣನ ಯಂತ್ರ ಅದರ ಮುಂದೆ ಸಣ್ಣದಾಯಿತು. ಮೊದಲು ಎದುರುಮನೆಯ ಬಾಗಿಲು ತೆರೆಯಿತು, ಆಮೇಲೆ ಮೇಲಿನವು. ಎರಡು ವಾರದಲ್ಲಿ ನಾನು ಕಾಣದ ಮುಖಗಳೆಲ್ಲ ಕಂಬಿಗೆ ಬಂದು ನಿಂತವು. ಒಬ್ಬಾಕೆ ನನಗೆ ನೀರು ತಂದಳು. ಒಬ್ಬ ಪೊಲೀಸರನ್ನು ಕರೆಯಲೇ ಎಂದು ಕೇಳಿದ. ಏನಾಗಿದೆ ಎಂದು ಎಲ್ಲರೂ ಕೇಳಿದ್ದರಿಂದ ರೇಣುಕಾ ನಾನು ಹಾಡುತ್ತಿದ್ದುದನ್ನು ಸಾಲು ಸಾಲಾಗಿ ಅವರ ಭಾಷೆಯಲ್ಲಿ ಹೇಳತೊಡಗಿದಳು. ಭಾನುವಾರ ಬರುವುದಿಲ್ಲ ಎಂದಿದ್ದ ಭಾಷೆ ಅವತ್ತು ಚೆನ್ನಾಗಿಯೇ ಬಂತು.

ಒಳಗಿನ ಸಪ್ಪಳ ನಿಂತಿತು. ಹೋಕಣ್ಣ ಹೊರಗೆ ಬಂದ. ಕೋಟು ತಿರುವುಮುರುವಾಗಿ ತೊಟ್ಟಿದ್ದ, ಒಂದೊಂದು ಕಾಲಿಗೆ ಒಂದೊಂದು ಜೋಡು. ಯಾರ ಮುಖವನ್ನೂ ನೋಡಲಿಲ್ಲ. ಎದುರುಮನೆಯವನು, ಹನ್ನೊಂದು ವರ್ಷದಿಂದ ಈ ಗದ್ದಲಕ್ಕೆ ಚೀಟಿ ಬರೆದು ಬಾಗಿಲಿಗೆ ಅಂಟಿಸುವುದು ಬಿಟ್ಟರೆ ಅವನ ಜೊತೆ ಮಾತೇ ಆಡದವನು, ಕಾರಿನ ಕೀಲಿ ತರಲು ಒಳಗೆ ಓಡಿದ.

ಅವನ ತಾಯಿ ಇದ್ದ ಕೋಣೆ

ಕೂಸನ್ನು ಮಂಜುನಾಥನಿಗೆ ಬಿಟ್ಟು ರೇಣುಕಾಳೂ ಬಂದಳು. ಸ್ವಚ್ಛ ಕೋಣೆ, ಕಿಟಕಿಯ ತುಂಬ ಅವನೇ ಕಳಿಸಿದ ಹೂವು. ಮುದುಕಿ ಹಕ್ಕಿಯಷ್ಟಿದ್ದಳು. ಗಂಟಲಲ್ಲಿ ಗೊರ್ ಗೊರ್ ಎಂದು ಉಸಿರು ಹತ್ತಿ ಇಳಿಯುತ್ತಿತ್ತು. ಹೋಕಣ್ಣ ಬಾಗಿಲಲ್ಲೇ ನಿಂತುಬಿಟ್ಟ. ಬಣ್ಣ ಹೋದ ಅವನ ಮುಖ ನೋಡಿ ಅವನೇ ಬೀಳುತ್ತಾನೆಂದು ರಟ್ಟೆ ಹಿಡಿದೆ.

“ಇದೊಂದು ನೀ ಬರೋಬ್ಬರಿ ಹಾಡೀದಿ” ಎಂದೆ.

ರೇಣುಕಾ ತಡಮಾಡದೆ ಅದನ್ನು ಹೇಳಿದಳು. ಅವನ ಬಾಯಿಂದ ಒಂದು ಸಪ್ಪಳ ಹೊರಟಿತು, ನಗುವೋ ಅಳುವೋ ನಾನು ವಿಚಾರಿಸಲಿಲ್ಲ. ಮಂಚದ ಪಕ್ಕಕ್ಕೆ ಕುರ್ಚಿ ಎಳೆದು ಭುಜ ಒತ್ತಿ ಕೂರಿಸಿದೆ. ಅವನ ಕೈಯನ್ನು ಮುದುಕಿಯ ಕೈಯಲ್ಲಿಟ್ಟೆ. ಆಕೆ ಕಣ್ಣು ತೆರೆದಳು. ಅವನ ಕೂದಲನ್ನು ನೋಡಿ ಮೆಲ್ಲಗೆ ಏನೋ ಹೇಳಿದಳು.

“ಏನಂದ್ಲು?”

“ಕ್ಷೌರ ಮಾಡಿಸ್ಕೋ ಅಂದ್ರು.”

ಎಲ್ಲ ದೇಶದ ತಾಯಂದಿರೂ ಒಂದೇ ಎಂದು ಕೆಲವರು ಬರೆಯುತ್ತಾರೆ. ಗೊತ್ತಿಲ್ಲ. ಈಕೆ ನಮ್ಮ ಓಣಿಯವಳ ಹಾಗೆ ಇದ್ದಳು.

ಸಂಜೆ ಏಳಕ್ಕೆ ಉಸಿರು ನಿಂತಿತು. ಕಣ್ಣಿನ ಮೇಲೆ ಬೆರಳು ಹೇಗೆ ಇಡಬೇಕೆಂದು ಹೋಕಣ್ಣನಿಗೆ ತೋರಿಸಿದೆ, ಇಟ್ಟ. ಹೊರಗೆ ಇನ್ನೂ ಬಿಸಿಲಿತ್ತು. ಅಲ್ಲಿಯ ನರ್ಸು ಕಿಟಕಿಯ ಒಂದು ಬಾಗಿಲು ತೆರೆದಳು, ಜೀವ ಹೋಗಲು ದಾರಿಯಂತೆ. ಬೇಸಿನ್ನಿನಲ್ಲಿ ಬೆಚ್ಚನೆಯ ನೀರು ತಂದಳು. ನಾನು ಸೆರಗು ಸಿಕ್ಕಿಸಿ ಮೈತೊಳೆದು, ಬಟ್ಟೆ ಹೊದಿಸಿ, ಆಮೇಲೆ ಹೋಕಣ್ಣನನ್ನು ಕರೆದೆ. ಇಟ್ಟ. ಪಾದ ತೊಳೆ ಎಂದು ತೋರಿಸಿದೆ. ತೊಳೆದ, ಬೆರಳ ಸಂದಿಯಲ್ಲೂ. ಕೆಲಸ ಹಿಡಿದ ಕೈ ನಡುಗುವುದಿಲ್ಲ.

ಮಣ್ಣು ಮಾಡುವುದು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಮೂರು ವಾರ ಬಿಟ್ಟು ಎಂದರು. ಅಲ್ಲಿ ಎಲ್ಲರಿಗೂ ಹಾಗೆಯೇ, ದಿನ ಗೊತ್ತು ಮಾಡಿ, ಚೀಟಿ ಕಳಿಸಿ, ನಿಧಾನವಾಗಿ. ಇಡೀ ಪ್ರವಾಸದಲ್ಲಿ ನನಗೆ ಹೆದರಿಕೆಯಾದದ್ದು ಅದೊಂದು ಮಾತಿಗೆ.

ಮರುದಿನ ಬೆಳಗ್ಗೆ

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಉಣಿಸಬೇಕು. ಅಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ನಾನು ಎದ್ದು ತಲೆಗೆ ನೀರು ಹಾಕಿಕೊಂಡು, ಊರಿಂದ ತಂದಿದ್ದ ಜೋಳದ ಹಿಟ್ಟು ನಾದಿ ನಾಲ್ಕು ರೊಟ್ಟಿ ಬಡಿದೆ, ಜುಣಕ ಮಾಡಿದೆ, ಬಟ್ಟೆ ಕಟ್ಟಿ ಕೆಳಗೆ ಒಯ್ದೆ. ರೇಣುಕಾಳನ್ನು ಎಬ್ಬಿಸಲಿಲ್ಲ.

ಹೋಕಣ್ಣ ಕಾಫಿ ಯಂತ್ರ ಹಚ್ಚಿದ್ದ. ಹೋಗಿ ಆರಿಸಿದೆ. ಅವನು ಅವನ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದ, ತಾಯಿಯ ವಿಷಯವೇ ಇರಬೇಕು, ಎರಡು ಸಲ ಕೈಯಲ್ಲಿ ಪಾದದ ಅಳತೆ ತೋರಿಸಿದ. ನಾನು ನನ್ನ ಭಾಷೆಯಲ್ಲಿ ಉಣ್ಣು ಎಂದೆ. ಚಮಚ ಹುಡುಕಿದ. ಕಸಿದುಕೊಂಡು ರೊಟ್ಟಿ ಮುರಿದು ಕೈಯಲ್ಲಿಟ್ಟೆ.

ಮೂರು ತಿಂದ. ನಾಲ್ಕನೆಯದಕ್ಕೆ ಬೇಡವೆಂದು ತಾಟಿನ ಮೇಲೆ ಕೈ ಅಡ್ಡ ಹಿಡಿದ. ಕೈ ಸರಿಸಿ ಹಾಕಿದೆ. ಅದನ್ನೂ ತಿಂದ.